ವಿದೇಶಕ್ಕೆ ಹೋಗುವ ಜನನ ಪ್ರಮಾಣಪತ್ರ: ಅಪೊಸ್ಟಿಲ್ ಸೇವೆಯ ಬಗ್ಗೆ ನನ್ನ ಅಭಿಪ್ರಾಯ

ಕೇಂದ್ರ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಸೇವೆ, ಅಂದರೆ ನಮ್ಮ ಪತ್ರ ಹೊರದೇಶದಲ್ಲಿ ನಡೆಯುವಂತೆ ಅದಕ್ಕೆ ದೃಢೀಕರಣದ ಚೀಟಿ ಅಂಟಿಸಿ ಕೊಡುವ ಕೆಲಸ, ಚೆನ್ನಾಗಿದೆ. ಒಂದು ಪತ್ರಕ್ಕೆ ಸರ್ಕಾರ ತೆಗೆದುಕೊಳ್ಳುವ ಶುಲ್ಕ 50 ರೂಪಾಯಿ. ಪತ್ರಗಳನ್ನು ಸ್ವೀಕರಿಸುವ ಕೇಂದ್ರದವರ ಸೇವಾ ಶುಲ್ಕ, ಸ್ಕ್ಯಾನಿಂಗ್ ಶುಲ್ಕ ಎಲ್ಲ ಸೇರಿದರೂ ಅದು ಒಬ್ಬ ಸಾಮಾನ್ಯ ನೌಕರನ ಕೈಗೆ ಭಾರವಾಗುವ ಮೊತ್ತವಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಈ ಕೆಲಸದ ಹೆಸರು ಕೇಳಿದರೆ ಸಾಕು, ನಮ್ಮ ಕಡೆಯವರು ಹೆದರಿ ಯಾರೋ ಹೇಳಿದ ಏಜೆಂಟರ ಕೈಗೆ ಸಾವಿರಾರು ರೂಪಾಯಿ ಹಾಕಿ ಬರುತ್ತಾರೆ. ನಿಜವಾದ ತೊಡಕು ಇರುವುದು ನಮ್ಮ ಮನೆಯ ಬೀರುವಿನಲ್ಲಿರುವ ಪತ್ರಗಳಲ್ಲಿ, ಅದರಲ್ಲೂ ಆ ಪತ್ರಗಳಲ್ಲಿ ಬರೆದಿರುವ ಹೆಸರುಗಳಲ್ಲಿ.

ನಾನು ತಿಪಟೂರಿನವಳು. ಅಂಚೆ ಕಚೇರಿಯ ಕೌಂಟರಿನ ಒಳಗೆ ಕುಳಿತು ದುಡಿದು ನಿವೃತ್ತಳಾದವಳು. ಹಾಗಾಗಿ ಒಂದು ಕೌಂಟರ್ ಹೇಗೆ ನಡೆಯುತ್ತಿದೆ, ಅಲ್ಲಿ ಕುಳಿತವರಿಗೆ ತಮ್ಮ ಕೆಲಸ ಗೊತ್ತಿದೆಯೇ ಎಂಬುದನ್ನು ಗಮನಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಮಗಳು, ಅಳಿಯ ಇಬ್ಬರಿಗೂ ನೆದರ್ಲೆಂಡ್ಸಿನ ಐಂಡ್‌ಹೋವನ್ ನಗರದಲ್ಲಿ ವಾಸ ಮಾಡಬೇಕಾಗಿ ಬಂತು. ಅಳಿಯನ ಕೆಲಸ ಅಲ್ಲಿ. ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಇರಲು ಹೋದವರು ಆ ದೇಶಕ್ಕೆ ಕಾಲಿಟ್ಟ ಐದು ದಿನಗಳೊಳಗೆ ಅಲ್ಲಿನ ನಗರಸಭೆಯಲ್ಲಿ ಹೆಸರು ನೋಂದಾಯಿಸಬೇಕು. ಆಗ ಕೊಡುವ ಬಿಎಸ್‌ಎನ್ ಎಂಬ ಸಂಖ್ಯೆ ಇಲ್ಲದೆ ಸಂಬಳ, ಆರೋಗ್ಯ ವಿಮೆ ಯಾವುದೂ ಸುಸೂತ್ರವಾಗಿ ನಡೆಯುವುದಿಲ್ಲ. ಅದಕ್ಕಾಗಿ ಇಬ್ಬರ ಜನನ ಪ್ರಮಾಣಪತ್ರ ಮತ್ತು ಮದುವೆ ನೋಂದಣಿ ಪತ್ರಕ್ಕೆ ಅಪೊಸ್ಟಿಲ್ ಮಾಡಿಸಿ ತರಬೇಕೆಂದು ಹೇಳಿದ್ದರು. ಅವರಿಬ್ಬರಿಗೂ ರಜೆ ಸಿಗುವ ಹಾಗಿರಲಿಲ್ಲ. ನಾನೇ ಹೊತ್ತುಕೊಂಡೆ.

ಅಪೊಸ್ಟಿಲ್ ಎಂದರೇನು ಎಂದು ನನ್ನ ಓರಗಿತ್ತಿಯಿಂದ ಹಿಡಿದು ಪಕ್ಕದ ಮನೆಯ ಮೇಷ್ಟ್ರವರೆಗೆ ಎಲ್ಲರೂ ಕೇಳಿದರು, ಆದ್ದರಿಂದ ಇಲ್ಲಿಯೂ ಹೇಳುತ್ತೇನೆ. ಒಂದು ದೇಶದ ಪತ್ರ ಇನ್ನೊಂದು ದೇಶದಲ್ಲಿ ನಡೆಯಬೇಕಾದರೆ ಹಿಂದೆ ಆ ದೇಶದ ರಾಯಭಾರ ಕಚೇರಿಯ ಬಾಗಿಲು ತಟ್ಟಬೇಕಿತ್ತು. ಆ ಸುತ್ತಾಟ ತಪ್ಪಿಸಲು 1961ರ ಅಕ್ಟೋಬರ್ 5ರಂದು ಒಂದು ಒಪ್ಪಂದವಾಯಿತು. ಅದು ಆದದ್ದು ನನ್ನ ಮಗಳು ಹೋಗಿರುವ ನೆದರ್ಲೆಂಡ್ಸಿನಲ್ಲೇ, ಹೇಗ್ ನಗರದಲ್ಲಿ. ಭಾರತದ ಮಟ್ಟಿಗೆ ಅದು ಜಾರಿಗೆ ಬಂದದ್ದು 2005ರ ಜುಲೈ 14ರಂದು. ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರರ ಪತ್ರಗಳಿಗೆ ಒಂದೇ ಮಾದರಿಯ ಚೀಟಿಯನ್ನು ಒಪ್ಪಿಕೊಳ್ಳುತ್ತವೆ. ಆ ಚೀಟಿ ಅಂಟಿದ ಮೇಲೆ ರಾಯಭಾರ ಕಚೇರಿಯ ಕೆಲಸವಿಲ್ಲ.

ಆದರೆ ಆ ಚೀಟಿ ಏನನ್ನು ಖಾತ್ರಿಪಡಿಸುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅಂಚೆ ಉಳಿತಾಯ ಖಾತೆಯಿಂದ ಹಣ ತೆಗೆಯಲು ಬಂದವರ ಸಹಿಯನ್ನು ನಾವು ಮಾದರಿ ಸಹಿಯ ಜೊತೆ ಇಟ್ಟು ನೋಡುತ್ತಿದ್ದೆವು. ಆ ಹಣ ಅವರಿಗೆ ಎಲ್ಲಿಂದ ಬಂತು ಎಂದು ಕೇಳುತ್ತಿರಲಿಲ್ಲ. ಸಚಿವಾಲಯ ಮಾಡುವುದೂ ಇಷ್ಟೇ. ರಾಜ್ಯ ಸರ್ಕಾರದ ಅಧಿಕಾರಿಗಳ ಮಾದರಿ ಸಹಿ ಅವರ ಬಳಿ ಇರುತ್ತದೆ. ಪತ್ರದ ಮೇಲಿರುವ ಸಹಿ ಆ ಅಧಿಕಾರಿಯದೇ, ಮೊಹರು ಆ ಇಲಾಖೆಯದೇ ಎಂದು ನೋಡಿ ಚೀಟಿ ಅಂಟಿಸುತ್ತಾರೆ. ಪತ್ರದಲ್ಲಿ ತಾಯಿಯ ಹೆಸರು ತಪ್ಪಾಗಿದ್ದರೆ ಆ ತಪ್ಪಿನ ಹಿಂದೆಯೇ ಅಚ್ಚುಕಟ್ಟಾಗಿ ಅಪೊಸ್ಟಿಲ್ ಕೂರುತ್ತದೆ. ಹಿಡಿಯುವವರು ಅಲ್ಲಿ, ಐಂಡ್‌ಹೋವನ್‌ನಲ್ಲಿ, ಪಾಸ್‌ಪೋರ್ಟ್ ಒಂದು ಕೈಯಲ್ಲಿ ಜನನ ಪತ್ರ ಇನ್ನೊಂದು ಕೈಯಲ್ಲಿ ಹಿಡಿದುಕೊಂಡ ಗುಮಾಸ್ತರು. ಅಷ್ಟು ಹೊತ್ತಿಗೆ ನೀವು ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುತ್ತೀರಿ.

ಮಗಳ ಜನನ ಪತ್ರದಲ್ಲಿ ನನ್ನ ಹೆಸರೇ ಬೇರೆ ಇತ್ತು. ಚೊಚ್ಚಲ ಹೆರಿಗೆ ನಮ್ಮಲ್ಲಿ ತವರಿನಲ್ಲಿ ಆಗುವುದು ವಾಡಿಕೆ. ಆಸ್ಪತ್ರೆಯಲ್ಲಿ ವಿವರ ಬರೆಸಿದವರು ನಮ್ಮ ಸೋದರಮಾವ. ಶಾಲೆಯ ದಾಖಲೆಯಿಂದ ಹಿಡಿದು ಆಧಾರ್‌ವರೆಗೆ ನಾನು ವಿಜಯಲಕ್ಷ್ಮಿ. ತವರಿನವರ ಬಾಯಲ್ಲಿ ಲಕ್ಷ್ಮಿ. ಮಾವ ಕರೆಯುವ ಹೆಸರನ್ನೇ ಬರೆಸಿದರು, ಪ್ರೀತಿಯಿಂದಲೇ ಬರೆಸಿದರು. ಮಗಳ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಾಯಿಯ ಹೆಸರು ವಿಜಯಲಕ್ಷ್ಮಿ. ಎರಡನ್ನೂ ಪಕ್ಕದಲ್ಲಿಟ್ಟರೆ ನಾನು ಇಬ್ಬರು ಹೆಂಗಸರು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಕರ್ನಾಟಕದ ಹಳೆಯ ಜನನ ದಾಖಲೆಗಳನ್ನು ತೆಗೆದು ನೋಡಿ. ಹುಟ್ಟಿದ ಕೆಲವೇ ದಿನಗಳೊಳಗೆ, ಈಗಿನ ಲೆಕ್ಕದಲ್ಲಿ 21 ದಿನಗಳೊಳಗೆ, ನೋಂದಣಿ ಮಾಡಿಸಬೇಕೆಂಬ ನಿಯಮ; ನಾಮಕರಣ ಎಷ್ಟೋ ಮನೆಗಳಲ್ಲಿ ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ. ಹಾಗಾಗಿ ಮಗುವಿನ ಹೆಸರಿನ ಜಾಗ ಖಾಲಿಯೇ ಉಳಿದ ಪತ್ರಗಳು ಬೇಕಾದಷ್ಟಿವೆ. ತಂದೆಯ ಹೆಸರಿನ ಮುಂದೆ ಒಂದು ಕಡೆ ಊರಿನ ಇನಿಷಿಯಲ್, ಇನ್ನೊಂದು ಕಡೆ ಅಜ್ಜನ ಇನಿಷಿಯಲ್. ಪಾಸ್‌ಪೋರ್ಟಿಗೆ ಬಂದಾಗ ಅದನ್ನೇ ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ಕನ್ನಡದಲ್ಲಿ ಒಂದೇ ಆಗಿರುವ ಸೌಮ್ಯ, ಇಂಗ್ಲಿಷಿಗೆ ಬಂದಾಗ ಒಬ್ಬರ ಕೈಯಲ್ಲಿ ‘ಯು’ ಅಕ್ಷರವಾಗಿ, ಇನ್ನೊಬ್ಬರ ಕೈಯಲ್ಲಿ ‘ಡಬ್ಲ್ಯೂ’ ಆಗಿ ಹೊರಬರುತ್ತಾಳೆ. ಅದೇ ಊರಿನಲ್ಲಿ ಇರುವವರೆಗೆ ಇದ್ಯಾವುದೂ ಬಾಧಿಸುವುದಿಲ್ಲ, ಎಲ್ಲರಿಗೂ ಎಲ್ಲರೂ ಗೊತ್ತು.

ತಿದ್ದಿಸಲು ದಾರಿ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ಪ್ರಕಾರ, ತಪ್ಪೆಂದು ರುಜುವಾತಾದರೆ ನೋಂದಣಾಧಿಕಾರಿ ಮೂಲ ನಮೂದನ್ನು ಅಳಿಸದೆ, ಪುಟದ ಅಂಚಿನಲ್ಲಿ ಸರಿಯಾದದ್ದನ್ನು ಬರೆದು ದಿನಾಂಕ ಹಾಕಿ ಸಹಿ ಮಾಡುತ್ತಾರೆ. ಮಗುವಿನ ಹೆಸರು ಸೇರಿಸಲು 14ನೇ ಕಲಂ. ಅರ್ಜಿ ಕೊಡಬೇಕಾದದ್ದು ನೀವು ಈಗ ಇರುವ ಊರಿನಲ್ಲಲ್ಲ, ಹೆರಿಗೆಯಾದ ಊರಿನಲ್ಲಿ. ಮಗು ಬೆಳೆದದ್ದು, ಓದಿದ್ದು ಎಲ್ಲ ಗಂಡನ ಊರಿನಲ್ಲಾದ್ದರಿಂದ ಜನ ಅಲ್ಲಿಯ ನಗರಸಭೆಯಲ್ಲಿ ಹುಡುಕಿಸಿ, ದಾಖಲೆಯೇ ಇಲ್ಲವೆಂದು ಕೈಚೆಲ್ಲುತ್ತಾರೆ. ತವರಿನ ತಾಲ್ಲೂಕಿನಲ್ಲಿ ಅದು ಇದ್ದೇ ಇರುತ್ತದೆ.

ನನ್ನ ಶಾಲೆಯ ವರ್ಗಾವಣೆ ಪತ್ರ, ಸೇವಾ ಪುಸ್ತಕದ ಮೊದಲ ಪುಟ, ಆಧಾರ್, ನೋಟರಿ ಮುಂದೆ ಮಾಡಿದ ಅಫಿಡವಿಟ್ ಎಲ್ಲವನ್ನೂ ಜೋಡಿಸಿ ಕೊಟ್ಟೆ. ಇಡೀ ಕೆಲಸದಲ್ಲಿ ಅತ್ಯಂತ ನಿಧಾನವಾದದ್ದು ಈ ಹಂತ. ಆ ಕಚೇರಿಯ ಹೆಸರು ಹೇಳುವುದಿಲ್ಲ. ಅರ್ಜಿಗೆ ಸ್ವೀಕೃತಿ ಕೊಡಲು ಅಲ್ಲಿ ಹಿಂದೆ ಮುಂದೆ ನೋಡಿದರು. ನಾನು ಸ್ವೀಕೃತಿ ಇಲ್ಲದೆ ಕೌಂಟರ್ ಬಿಟ್ಟು ಕದಲುವುದಿಲ್ಲವೆಂದೆ. ಸಾರ್ವಜನಿಕರಿಂದ ಒಂದು ಕಾಗದ ತೆಗೆದುಕೊಂಡ ಮೇಲೆ ಮೊಹರು ಹಾಕಿದ ಚೀಟಿ ಕೊಡುವುದು ಉಪಕಾರವಲ್ಲ, ಕರ್ತವ್ಯ. ಅದರ ನಂತರ ಕಡತ ಸರಿಯಾಗಿಯೇ ಮುಂದೆ ಹೋಯಿತು. ಹಳೆಯ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ನಮ್ಮ ಪುಟವನ್ನು ಹುಡುಕಿ ತೆಗೆದಾಗ ಅದರ ಅಂಚು ಪುಡಿಯಾಗುತ್ತಿತ್ತು. ಆಕೆ ಪುಟದ ಕೆಳಗೆ ರಟ್ಟಿನ ಹಾಳೆ ಇಟ್ಟು, ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟಳು. ಸೋದರಮಾವನ ಸಹಿ ನೀಲಿ ಶಾಯಿಯಲ್ಲಿ ಹಾಗೆಯೇ ಇತ್ತು. ಆ ಹುಡುಗಿಗೆ ನನ್ನ ಪೂರ್ಣ ಅಂಕ.

ಕೊನೆಗೆ ಸಿಕ್ಕಿದ್ದು ರಾಜ್ಯದ ಜನನ ಮರಣ ನೋಂದಣಿಯ ಇ-ಜನ್ಮ ತಂತ್ರಾಂಶದಿಂದ ಬಂದ, ಕನ್ನಡ ಇಂಗ್ಲಿಷ್ ಎರಡರಲ್ಲೂ ಇರುವ ಹೊಸ ಪ್ರತಿ. ಕೈಬರಹದ ಹಳೆಯ ಪತ್ರ ಇದ್ದವರು ಈ ಹೊಸ ಪ್ರತಿಯನ್ನೇ ತೆಗೆಸಿಕೊಳ್ಳಿ. ನೆದರ್ಲೆಂಡ್ಸಿನಲ್ಲಿ ಇಂಗ್ಲಿಷ್ ಪತ್ರ ನಡೆಯುವುದರಿಂದ ಪ್ರತ್ಯೇಕ ಅನುವಾದದ ಖರ್ಚು ಉಳಿಯಿತು. ಮುದ್ರಣಕ್ಕೆ ಮೊದಲು ಪರದೆಯ ಮೇಲಿನ ಇಂಗ್ಲಿಷ್ ಕಾಗುಣಿತವನ್ನು ಪಾಸ್‌ಪೋರ್ಟ್ ಹಿಡಿದು ಅಕ್ಷರ ಅಕ್ಷರವಾಗಿ ನೋಡಿ. ಅಲ್ಲಿ ಕುಳಿತವರು ಬೇಸರ ಪಟ್ಟುಕೊಂಡರೂ ಪರವಾಗಿಲ್ಲ.

ಇನ್ನು ರಾಜ್ಯದ ಹಂತ. ಜನನ, ಮದುವೆಯಂಥ ವೈಯಕ್ತಿಕ ಪತ್ರಗಳಿಗೆ ರಾಜ್ಯದ ಗೃಹ ಇಲಾಖೆಯ ದೃಢೀಕರಣ ಬೇಕು. ಪದವಿ, ಅಂಕಪಟ್ಟಿಗಳಾದರೆ ಉನ್ನತ ಶಿಕ್ಷಣ ಇಲಾಖೆ. ಒಂದು ವಿಧಾನಸೌಧದಲ್ಲಿ, ಇನ್ನೊಂದು ಪಕ್ಕದ ಬಹುಮಹಡಿ ಕಟ್ಟಡದಲ್ಲಿ. ತಿಪಟೂರಿನಿಂದ ರೈಲಿನಲ್ಲಿ ಬಂದವರಿಗೆ ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ವಿಧಾನಸೌಧದ ಎದುರಿಗೇ ಇಳಿಯಬಹುದು. ಮೂಲ ಪತ್ರ, ಅದರ ನಕಲು, ಪಾಸ್‌ಪೋರ್ಟಿನ ನಕಲು, ಮಗಳ ಪರವಾಗಿ ಬಂದಿರುವುದಕ್ಕೆ ಅವಳ ಸಹಿ ಇರುವ ಒಪ್ಪಿಗೆ ಪತ್ರ ಇಷ್ಟು ಇಟ್ಟುಕೊಂಡಿದ್ದೆ. ಈ ಹಂತದ ಬಗ್ಗೆ ದೂರುವುದಕ್ಕೆ ಏನೂ ಇಲ್ಲ. ಪತ್ರದ ಹಿಂದೆ ಮೊಹರು, ಅಧಿಕಾರಿಯ ಸಹಿ, ಹೆಸರು, ಹುದ್ದೆ, ದಿನಾಂಕ ಸ್ಪಷ್ಟವಾಗಿ ಬಿದ್ದವು. ಮೊಹರು ಮಸುಕಾಗಿದ್ದರೆ ಅಲ್ಲಿಯೇ ಹೇಳಿ ಇನ್ನೊಮ್ಮೆ ಹಾಕಿಸಿಕೊಳ್ಳಿ. ಅಂಚೆಯವಳಾಗಿ ಹೇಳುತ್ತೇನೆ, ಓದಲಾಗದ ಮೊಹರು ಮೊಹರೇ ಅಲ್ಲ.

ಲ್ಯಾಮಿನೇಷನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ದಿನವೇ ಅದನ್ನು ಜೆರಾಕ್ಸ್ ಅಂಗಡಿಗೆ ಒಯ್ದು ಪ್ಲಾಸ್ಟಿಕ್ಕಿನೊಳಗೆ ಸೇರಿಸಿ ತರುವ ಪದ್ಧತಿ ನಮ್ಮ ಊರುಗಳಲ್ಲಿ ಬಲವಾಗಿ ಬೇರೂರಿದೆ. ಪ್ಲಾಸ್ಟಿಕ್ಕಿನ ಮೇಲೆ ಮೊಹರಿನ ಶಾಯಿ ಹಿಡಿಯುವುದಿಲ್ಲ. ಪಕ್ಕದ ಮನೆಯ ಹುಡುಗನೊಬ್ಬ ಕೆನಡಾಕ್ಕೆ ಓದಲು ಹೊರಟಾಗ ಅವನ ಅಂಕಪಟ್ಟಿಗೆ ಹೀಗೆಯೇ ಆಗಿ, ಮಲ್ಲೇಶ್ವರದ ಪರೀಕ್ಷಾ ಮಂಡಳಿಯಿಂದ ಎರಡನೆಯ ಪ್ರತಿ ತೆಗೆಸಬೇಕಾಯಿತು. ಮಕ್ಕಳ ಪತ್ರಗಳನ್ನು ದಪ್ಪ ಪಾರದರ್ಶಕ ಚೀಲದಲ್ಲಿ ಇಡಿ, ಅಂಟಿಸಬೇಡಿ.

ರಾಜ್ಯದ ಸಹಿ ಬಿದ್ದ ಮೇಲೆ ಕೇಂದ್ರದ್ದು. ವಿದೇಶಾಂಗ ಸಚಿವಾಲಯ 2012ರಿಂದ ಜನರಿಂದ ನೇರವಾಗಿ ಪತ್ರ ತೆಗೆದುಕೊಳ್ಳುವುದಿಲ್ಲ. ತಾನೇ ನೇಮಿಸಿದ ಸಂಸ್ಥೆಗಳ ಕೇಂದ್ರಗಳ ಮೂಲಕ ತೆಗೆದುಕೊಳ್ಳುತ್ತದೆ. ಮೊದಲು ಎಲ್ಲವೂ ದೆಹಲಿಗೆ ಹೋಗುತ್ತಿತ್ತು. 2019ರ ಜನವರಿಯಿಂದ ಬೆಂಗಳೂರೂ ಸೇರಿ ಹಲವು ನಗರಗಳಲ್ಲೇ ಅಪೊಸ್ಟಿಲ್ ಆಗುತ್ತದೆ. ನೇಮಕವಾದ ಸಂಸ್ಥೆಗಳ ಪಟ್ಟಿ ಸಚಿವಾಲಯದ ಜಾಲತಾಣದಲ್ಲಿದೆ. ಅದನ್ನು ನೋಡಿಯೇ ಹೋಗಿ. ‘ಸರ್ಕಾರಿ ಮಾನ್ಯತೆ’ ಎಂಬ ಫಲಕ ಯಾರು ಬೇಕಾದರೂ ಬರೆಸಬಹುದು.

ನಾನು ಹೋದ ಕೇಂದ್ರ ಚಿಕ್ಕದು, ಆದರೆ ಶಿಸ್ತಿನದು. ಕೌಂಟರಿನಲ್ಲಿದ್ದ ಯುವಕ ಪತ್ರಗಳನ್ನು ಒಂದೊಂದಾಗಿ ತಿರುಗಿಸಿ ಗೃಹ ಇಲಾಖೆಯ ಸಹಿಯ ಮೇಲೆ ಬೆರಳಿಟ್ಟು ನೋಡಿದ. ‘ಯಾವ ದೇಶಕ್ಕೆ, ಅಮ್ಮ?’ ಎಂದು ಮೊದಲೇ ಕೇಳಿದ. ಅದು ಸರಿಯಾದ ಪ್ರಶ್ನೆ, ಏಕೆಂದರೆ ದೇಶ ಬದಲಾದರೆ ಕೆಲಸವೇ ಬದಲಾಗುತ್ತದೆ. ಕೊಟ್ಟ ರಸೀದಿಯಲ್ಲಿ ಪ್ರತಿ ಪತ್ರದ ಹೆಸರು, ಸರ್ಕಾರದ ಶುಲ್ಕ, ಅವರ ಶುಲ್ಕ ಬೇರೆ ಬೇರೆ ಸಾಲಿನಲ್ಲಿದ್ದವು. ಹೇಳಿದ ದಿನಕ್ಕೆ ಪತ್ರಗಳು ಸಿದ್ಧವಾಗಿದ್ದವು. ನೀರು ಕುಡಿಯಲು ಒಂದು ವ್ಯವಸ್ಥೆ, ಹಿರಿಯರಿಗೆ ಇನ್ನೆರಡು ಕುರ್ಚಿ ಇದ್ದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಜನ ಗೋಡೆಗೆ ಒರಗಿ ನಿಂತಿರುತ್ತಾರೆ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೋಗುವುದು ಮೇಲು.

ಚೀಟಿಯನ್ನು ಕೈಗೆ ತೆಗೆದುಕೊಂಡು ಅಲ್ಲಿಯೇ ಓದಿದೆ. ಚೌಕಾಕಾರ, ಮೇಲ್ಗಡೆ ಫ್ರೆಂಚ್ ಭಾಷೆಯಲ್ಲಿ ಒಪ್ಪಂದದ ಹೆಸರು, ಕೆಳಗೆ ಒಂದರಿಂದ ಹತ್ತರವರೆಗೆ ಸಾಲುಗಳು. ಯಾವ ದೇಶದ ಅಪೊಸ್ಟಿಲ್ ಆದರೂ ಇದೇ ಹತ್ತು ಸಾಲು, ಇದೇ ಕ್ರಮ. ಎರಡನೆಯ ಸಾಲು ಸಹಿ ಮಾಡಿದವರು ಯಾರು ಎನ್ನುತ್ತದೆ. ನಮ್ಮ ಪತ್ರದಲ್ಲಿ ಅಲ್ಲಿ ಇದ್ದದ್ದು ಗೃಹ ಇಲಾಖೆಯ ಅಧಿಕಾರಿಯ ಹೆಸರು. ನನ್ನ ಪಕ್ಕದಲ್ಲಿದ್ದ ಗಂಗಾವತಿಯ ರೈತರೊಬ್ಬರು ಮಗನ ಪತ್ರ ನೋಡಿ, ಇದು ಯಾರದೋ ಹೆಸರು, ನಮ್ಮದು ಅದಲುಬದಲಾಗಿದೆ ಎಂದು ಗಾಬರಿಯಾದರು. ಪತ್ರ ಯಾರದೆಂದು ಅದು ಹೇಳುತ್ತಿಲ್ಲ, ಸಹಿ ಯಾರದೆಂದು ಹೇಳುತ್ತಿದೆ ಎಂದು ವಿವರಿಸಿದ ಮೇಲೆ ಸಮಾಧಾನವಾಯಿತು. ಎಂಟನೆಯ ಸಾಲಿನಲ್ಲಿರುವ ಸಂಖ್ಯೆ ಮುಖ್ಯ. ಅದರ ಮೂಲಕ ಯಾರು ಬೇಕಾದರೂ, ಐಂಡ್‌ಹೋವನ್‌ನ ಗುಮಾಸ್ತರೂ ಸಹ, ಚೀಟಿ ನಿಜವೇ ಎಂದು ಸಚಿವಾಲಯದ ಜಾಲತಾಣದಲ್ಲಿ ನೋಡಬಹುದು. ನಾನು ಮನೆಗೆ ಬಂದು ಮೂರೂ ಪತ್ರಗಳದ್ದನ್ನು ನೋಡಿಯೇ ಮಗಳಿಗೆ ಕಳುಹಿಸಿದೆ.

ಇಷ್ಟು ಸರಳವಾದ ಕೆಲಸಕ್ಕೆ, ಈ ಕೇಂದ್ರಕ್ಕೆ ಹೋಗುವ ಮೊದಲು ನಾನು ವಿಚಾರಿಸಿದ ಒಬ್ಬ ಏಜೆಂಟ್ ಪತ್ರವೊಂದಕ್ಕೆ ಕೇಳಿದ ಹಣ ನನ್ನ ಮೊದಲ ಆರು ತಿಂಗಳ ಸಂಬಳಕ್ಕಿಂತ ಹೆಚ್ಚು. ಯಾವುದಕ್ಕೆ ಎಷ್ಟು ಎಂದು ಬರೆದು ಕೊಡಿ ಎಂದರೆ, ‘ಅದೆಲ್ಲ ನಿಮಗೆ ಅರ್ಥವಾಗುವುದಿಲ್ಲ ಮೇಡಂ, ಪ್ಯಾಕೇಜ್’ ಎಂದರು. ಮದುವೆ ಪತ್ರಕ್ಕೆ ಡಚ್ ರಾಯಭಾರ ಕಚೇರಿಯ ಮೊಹರೂ ಬೇಕೆಂದು ಅದಕ್ಕೂ ಬೆಲೆ ಸೇರಿಸಿದ್ದರು. ಬೇಕಿಲ್ಲದ ಮೊಹರಿಗೆ ಬೆಲೆ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಆತಂಕದಲ್ಲಿರುವ ತಂದೆ ತಾಯಿಯರಿಂದ ಹೀಗೆ ಹಣ ಕೀಳುವುದನ್ನು ನಾನು ವ್ಯಾಪಾರವೆಂದು ಕರೆಯಲಾರೆ. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಈ ಬರಹಕ್ಕೆ ಅದೂ ಒಂದು ಕಾರಣ.

ದೇಶ ಬದಲಾದರೆ ಕೆಲಸ ಬದಲಾಗುತ್ತದೆ ಎಂದೆನಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆಯವರಿಗೆ ಇದು ಮುಖ್ಯ. ಯುಎಇ, ಕತಾರ್, ಕುವೈತ್ ಹೇಗ್ ಒಪ್ಪಂದದಲ್ಲಿಲ್ಲ. ಅಲ್ಲಿಗೆ ಹೋಗುವ ಪತ್ರಕ್ಕೆ ಸಚಿವಾಲಯದ ಸಾಮಾನ್ಯ ದೃಢೀಕರಣ ಆದ ಮೇಲೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಒಮಾನ್, ಬಹರೇನ್ ಈಗಾಗಲೇ ಒಪ್ಪಂದದಲ್ಲಿವೆ. ಸೌದಿ ಅರೇಬಿಯಾದಲ್ಲಿ 2022ರ ಡಿಸೆಂಬರ್ 7ರಿಂದ, ಕೆನಡಾದಲ್ಲಿ 2024ರ ಜನವರಿ 11ರಿಂದ ಅದು ಜಾರಿಗೆ ಬಂದಿದೆ. ಹಳೆಯ ಅನುಭವಸ್ಥರು ಹೇಳುವ ದಾರಿ ಈ ಎರಡು ದೇಶಗಳಿಗೆ ಈಗ ಹಳೆಯದು. ಜರ್ಮನಿಯದ್ದು ಬೇರೆಯೇ: ಒಪ್ಪಂದದಲ್ಲಿದ್ದರೂ ಭಾರತದ ಸೇರ್ಪಡೆಗೆ ಅದು ಆಕ್ಷೇಪ ಸಲ್ಲಿಸಿತು, ಆದ್ದರಿಂದ ನಮ್ಮ ಅಪೊಸ್ಟಿಲ್ ಅಲ್ಲಿ ನಡೆಯುವುದಿಲ್ಲ. ಜರ್ಮನಿಗೆ ಹೊರಟವರು ಏನನ್ನೂ ಮಾಡಿಸುವ ಮೊದಲು ಪತ್ರ ಕೇಳಿದ ಕಚೇರಿಯನ್ನೇ ವಿಚಾರಿಸಿ.

ಪಾಸ್‌ಪೋರ್ಟ್ ಕಚೇರಿ ಕೊಡುವ ಪೊಲೀಸ್ ನಿರಾಕ್ಷೇಪಣಾ ಪತ್ರ ಕೇಂದ್ರದ್ದೇ ಆದ್ದರಿಂದ ಅದಕ್ಕೆ ರಾಜ್ಯದ ಸಹಿ ಬೇಡ. ಸಿಬಿಎಸ್‌ಇಯಲ್ಲಿ ಓದಿದ ಮಕ್ಕಳಿಗೆ ಸಚಿವಾಲಯದ ಇ-ಸನದ್ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ಹಾಕುವ ಅನುಕೂಲವಿದೆ.

ಏಜೆಂಟರೇ ಬೇಡವೆಂದು ನಾನು ಹೇಳುವುದಿಲ್ಲ. ಈಗಾಗಲೇ ಹೊರದೇಶದಲ್ಲಿದ್ದು, ಇಲ್ಲಿ ಓಡಾಡಲು ಯಾರೂ ಇಲ್ಲದವರಿಗೆ ಅವರ ಸಹಾಯ ಬೇಕೇ ಬೇಕು, ದುಡಿಮೆಗೆ ತಕ್ಕ ಹಣ ಕೊಡುವುದೂ ನ್ಯಾಯ. ಮೂಲ ಪತ್ರಗಳ ಪಟ್ಟಿಗೆ ಸಹಿ, ಪ್ರತಿ ಹಂತದ ಶುಲ್ಕಕ್ಕೆ ಬೇರೆ ಬೇರೆ ಲೆಕ್ಕ, ಸರ್ಕಾರದ ರಸೀದಿಯ ಪ್ರತಿ: ಇಷ್ಟನ್ನು ಕೊಡಲು ಒಪ್ಪಿದವರಿಗೆ ಮಾತ್ರ ಪತ್ರ ಒಪ್ಪಿಸಿ.

ರಾಜ್ಯ ಸರ್ಕಾರಕ್ಕೆ ನನ್ನದೊಂದು ಬೇಡಿಕೆ ಇದೆ. ನಾನು ತಿಪಟೂರಿನವಳು, ಬೆಳಿಗ್ಗೆ ರೈಲು ಹತ್ತಿದರೆ ಸಂಜೆ ಮನೆಯಲ್ಲಿರುತ್ತೇನೆ. ಬೀದರ್, ರಾಯಚೂರಿನ ತಾಯಿಗೆ ಅದೇ ಒಂದು ಸಹಿಗೆ ರಾತ್ರಿಯಿಡೀ ಪ್ರಯಾಣ, ಬೆಂಗಳೂರಿನಲ್ಲಿ ಉಳಿಯುವ ಖರ್ಚು. ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಬ್ಬ ಅಧಿಕಾರಿಗೆ ಈ ಅಧಿಕಾರ ಕೊಟ್ಟು, ಅವರ ಮಾದರಿ ಸಹಿಯನ್ನು ಸಚಿವಾಲಯಕ್ಕೆ ಕಳುಹಿಸಿದರೆ ಆ ಪ್ರಯಾಣ ಉಳಿಯುತ್ತದೆ. ಗೃಹ ಇಲಾಖೆಗೆ ಇದನ್ನೇ ಬರೆದು ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ್ದೇನೆ. ನಿಮಗೂ ಸರಿ ಎನಿಸಿದರೆ ನೀವೂ ಬರೆಯಿರಿ.